ನಾಲ್ಕು ಮೂಲೆಗಳ ಹಿಡಿತ: ಮಾಲ್ಕಮ್ ಮೆಕ್ಲೀನ್ ಬದುಕಿನ ಕಥೆ

ಸಂಡೂರು ತಾಲ್ಲೂಕಿನ ಚೋರನೂರಿನಂಥ ಊರುಗಳಲ್ಲಿ ಸುಗ್ಗಿಯ ದಿನಗಳಲ್ಲಿ ಲಾರಿಯೊಂದು ಬಂದು ನಿಂತರೆ ಅದರ ಹಿಂಬದಿಗೆ ಹಲಗೆಯೊಂದು ಒರಗುತ್ತದೆ. ಹಮಾಲರು ಮೂಟೆಗಳನ್ನು ಬೆನ್ನಿಗೇರಿಸಿಕೊಂಡು ಒಂದೊಂದಾಗಿ ಮೇಲಕ್ಕೆ ಸಾಗಿಸುತ್ತಾರೆ. ಅವರ ಕೈಯಲ್ಲಿರುವ ಉಪಕರಣ ಒಂದೇ: ಬಾಗಿದ ಮೊನೆಯ ಕಬ್ಬಿಣದ ಕೊಕ್ಕೆ. ಮೂಟೆಯ ಮೂಲೆಗೆ ಅದನ್ನು ಸಿಕ್ಕಿಸಿ ಎಳೆದರೆ ಸರಕು ಕೈಗೆ ಬರುತ್ತದೆ. ಐವತ್ತು-ಅರವತ್ತು ಕಿಲೋ ತೂಕದ ಮೂಟೆಗೆ ಅಷ್ಟು ಹಿಡಿತ ಸಾಕು. ಆದರೆ ಇಪ್ಪತ್ತು, ಮೂವತ್ತು ಟನ್ ತೂಗುವ ಲೋಹದ ಪೆಟ್ಟಿಗೆಯನ್ನು ನೆಲದಿಂದೆತ್ತಿ, ಗಾಳಿಯಲ್ಲಿ ಸಾಗಿಸಿ, ಹಡಗಿನ ಒಡಲಿನ ಇಕ್ಕಟ್ಟಾದ ಜಾಗದಲ್ಲಿ ಇಳಿಸಬೇಕಾದರೆ ಆ ಕೊಕ್ಕೆ ಎಂಥದಾಗಿರಬೇಕು? ಈ ಪ್ರಶ್ನೆಗೆ ಜಗತ್ತು ಒಪ್ಪಿದ ಉತ್ತರ ದೊರೆತದ್ದು 1950ರ ದಶಕದ ಅಮೆರಿಕದಲ್ಲಿ. ಪ್ರಶ್ನೆಯನ್ನು ಎತ್ತಿದವರು ಎಂಜಿನಿಯರೂ ಅಲ್ಲ, ಕಡಲಿನ ಅನುಭವವುಳ್ಳ ನಾವಿಕರೂ ಅಲ್ಲ. ಅವರೊಬ್ಬ ಲಾರಿ ಮಾಲೀಕರು.

ಅವರ ಹೆಸರು ಮಾಲ್ಕಮ್ ಪರ್ಸೆಲ್ ಮೆಕ್ಲೀನ್. 2001ರಲ್ಲಿ ತೀರಿಕೊಂಡ ಮೆಕ್ಲೀನ್ ಅವರನ್ನು ಸಾಮಾನ್ಯವಾಗಿ ಕಂಟೇನರ್‌ನ ಜನಕ ಎಂದು ಕರೆಯುವ ರೂಢಿಯಿದೆ. ಇದು ಅಷ್ಟು ಸರಿಯಲ್ಲ. ಸರಕನ್ನು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ಸಾಗಿಸುವ ಪದ್ಧತಿ ಯೂರೋಪಿನ ರೈಲ್ವೆಗಳಲ್ಲಿ ಎರಡನೆಯ ಮಹಾಯುದ್ಧಕ್ಕೂ ಮುಂಚೆಯೇ ಇತ್ತು. ಯುದ್ಧಾನಂತರ ಅಮೆರಿಕದ ಸೇನೆ ಕೂಡ ಉಕ್ಕಿನ ಪೆಟ್ಟಿಗೆಗಳನ್ನು ಬಳಸುತ್ತಿತ್ತು. ಪೆಟ್ಟಿಗೆ ಇತ್ತು, ಅದನ್ನು ಚಕ್ಕನೆ ಹಿಡಿದು ಚಕ್ಕನೆ ಬಿಡುವ, ಎಲ್ಲೆಡೆಯೂ ಒಂದೇ ಬಗೆಯಾದ ಕೈ ಇರಲಿಲ್ಲ. ಮೆಕ್ಲೀನ್ ಅವರ ಬದುಕನ್ನು ಈ ಹಿಡಿತದ ಕಡೆಯಿಂದ ನೋಡಿದಾಗ ಅವರ ನಿಜವಾದ ಸಾಧನೆ ಯಾವುದು, ಅದರಲ್ಲಿ ಬೇರೆಯವರ ಪಾಲು ಎಷ್ಟು, ಅದಕ್ಕಾಗಿ ಬೆಲೆ ತೆತ್ತವರು ಯಾರು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಐದು ಡಾಲರಿನ ಲೆಕ್ಕ

ಮೆಕ್ಲೀನ್ ಜನಿಸಿದ್ದು 1913ರ ನವೆಂಬರ್ 14ರಂದು, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಮ್ಯಾಕ್ಸ್‌ಟನ್ ಎಂಬ ಸಣ್ಣ ಊರಿನ ಬಳಿ. ಸ್ಕಾಟ್ಲೆಂಡಿನಿಂದ ವಲಸೆ ಬಂದವರ ವಂಶ. ತಂದೆ ಬೇಸಾಯಗಾರರು, ಬೇಸಾಯದ ಜೊತೆಗೆ ಅಂಚೆ ಹಂಚುವ ಕೆಲಸವನ್ನೂ ಮಾಡುತ್ತಿದ್ದರು. ಬಾಲ್ಯದಲ್ಲಿ ತಾಯಿ ಕೊಟ್ಟ ಕೋಳಿಮೊಟ್ಟೆಗಳನ್ನು ರಸ್ತೆಬದಿಯಲ್ಲಿ ಮಾರಿ ಕಮಿಷನ್ ಪಡೆಯುತ್ತಿದ್ದುದೇ ಅವರ ಮೊದಲ ವ್ಯಾಪಾರವಂತೆ. 1931ರಲ್ಲಿ ಪ್ರೌಢಶಾಲೆ ಮುಗಿಯುವ ವೇಳೆಗೆ ದೇಶ ಆರ್ಥಿಕ ಮಹಾಕುಸಿತದಲ್ಲಿ ಮುಳುಗಿತ್ತು. ಕಾಲೇಜಿಗೆ ಹೋಗಲು ಹಣವಿರಲಿಲ್ಲ. ಯುವಕ ಪೆಟ್ರೋಲ್ ಬಂಕೊಂದರಲ್ಲಿ ಕೆಲಸಕ್ಕೆ ಸೇರಿದರು.

ಬಂಕಿಗೆ ಬೇಕಾದ ಎಣ್ಣೆಯನ್ನು 28 ಮೈಲಿ ದೂರದ ಫೇಯೆಟ್‌ವಿಲ್ ಪಟ್ಟಣದಿಂದ ತಂದುಕೊಡುವ ಲಾರಿಯವನಿಗೆ ಒಂದು ಸಲಕ್ಕೆ ಐದು ಡಾಲರ್ ಬಾಡಿಗೆ ಸಲ್ಲುತ್ತದೆಂಬುದು ಅವರಿಗೆ ತಿಳಿಯಿತು. ಅಂದಿನ ದಿನಗಳಲ್ಲಿ ಅದು ಸಣ್ಣ ಮೊತ್ತವಲ್ಲ. ಆ ಕೆಲಸವನ್ನು ತಾವೇ ಮಾಡುವುದಾಗಿ ಹೇಳಿ, ಬಂಕಿನ ಮಾಲೀಕರ ಬಳಿಯಿದ್ದ ಹಳೆಯ ಗಾಡಿಯೊಂದನ್ನು ಹಿಡಿದರು. 1934ರ ಮಾರ್ಚಿಯಲ್ಲಿ ಮೆಕ್ಲೀನ್ ಟ್ರಕಿಂಗ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಅಕ್ಕತಂಗಿ, ಅಣ್ಣತಮ್ಮಂದಿರು ಕ್ರಮೇಣ ಕೈಜೋಡಿಸಿದರು. ಆರಂಭದ ದಿನಗಳಲ್ಲಿ ಒಮ್ಮೆ ದಾರಿಯ ಸುಂಕ ಕಟ್ಟಲು ಕಾಸಿಲ್ಲದೆ, ಕೈಯಲ್ಲಿದ್ದ ಪಾನಾವನ್ನು ಸುಂಕದ ಕಟ್ಟೆಯಲ್ಲಿ ಒತ್ತೆಯಿಟ್ಟು ಮುಂದೆ ಸಾಗಿದ್ದರೆಂಬ ಪ್ರಸಂಗವನ್ನು ಅವರ ಜೀವನ ಬರೆದವರು ತಪ್ಪದೆ ನೆನೆಯುತ್ತಾರೆ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಸಂಸ್ಥೆ ನೂರಾರು ಲಾರಿಗಳ ಒಡೆತನ ಪಡೆದು ದೇಶದ ದೊಡ್ಡ ಸಾಗಣೆ ಸಂಸ್ಥೆಗಳ ಸಾಲಿಗೆ ಸೇರಿತು. ಅದರ ಗುಟ್ಟು ಜಿಪುಣತನವೆಂದರೂ ಸಲ್ಲುತ್ತದೆ. ಗಾಳಿಯ ತಡೆ ತಗ್ಗಿ ಡೀಸೆಲ್ ಉಳಿಯಲಿ ಎಂದು ಟ್ರೇಲರ್‌ಗಳ ಪಕ್ಕದ ಗೋಡೆಗಳ ಆಕಾರವನ್ನೇ ಬದಲಿಸಿದರು. ಯಾವ ದಾರಿಯಲ್ಲಿ ಯಾವ ಬಂಕಿನಲ್ಲಿ ಎಣ್ಣೆ ತುಂಬಿಸಿದರೆ ರಿಯಾಯಿತಿ ಸಿಗುತ್ತದೆಂಬುದನ್ನು ಚಾಲಕರಿಗೆ ಮೊದಲೇ ಗೊತ್ತುಪಡಿಸುತ್ತಿದ್ದರು. ಒಂದು ಟನ್ ಸರಕು ಒಂದು ಊರಿನಿಂದ ಇನ್ನೊಂದು ಊರಿಗೆ ತಲುಪಲು ತಗಲುವ ಖರ್ಚಿನ ಪೈಸೆ ಪೈಸೆಯನ್ನೂ ಬಿಡಿಸಿ ನೋಡುವುದು ಅವರ ಸ್ವಭಾವ. ಮುಂದೆ ಕಡಲಿಗಿಳಿದಾಗಲೂ ಅವರು ನೋಡಿದ್ದು ಹಡಗನ್ನಲ್ಲ, ಈ ಲೆಕ್ಕವನ್ನು.

ಹತ್ತಿಯ ಬೇಲುಗಳು ಮತ್ತು ಒಂದು ಸಂಶಯ

ಮೆಕ್ಲೀನ್ ಕುರಿತ ಬಹುತೇಕ ಬರಹಗಳು 1937ರ ಒಂದು ಘಟನೆಯಿಂದ ಆರಂಭವಾಗುತ್ತವೆ. ಹತ್ತಿಯ ಬೇಲುಗಳನ್ನು ತುಂಬಿಕೊಂಡು ನ್ಯೂಯಾರ್ಕಿನ ಎದುರು ದಡದಲ್ಲಿರುವ ಹೊಬೋಕನ್ ಬಂದರಿಗೆ ಬಂದಿದ್ದ ಯುವಕ ಮೆಕ್ಲೀನ್, ತಮ್ಮ ಸರದಿಗಾಗಿ ದಿನವಿಡೀ ಕಾದು ಕುಳಿತಿದ್ದರಂತೆ. ಕಣ್ಣೆದುರು ಕೂಲಿಕಾರರು ಒಂದೊಂದೇ ಬೇಲನ್ನು ಲಾರಿಯಿಂದಿಳಿಸಿ, ಹಗ್ಗದ ಜೋಲಿಗೆ ಹಾಕಿ, ಹಡಗಿಗೇರಿಸಿ, ಒಳಗೆ ಮತ್ತೆ ಬಿಡಿಸಿ ಜೋಡಿಸುತ್ತಿದ್ದುದನ್ನು ಕಂಡು, ಲಾರಿಯನ್ನೇ ಇಡಿಯಾಗಿ ಎತ್ತಿ ಒಳಗಿಡಬಾರದೇಕೆ ಎಂದು ಅವರಿಗೆ ಅನ್ನಿಸಿತಂತೆ.

ಕಥೆ ಸೊಗಸಾಗಿದೆ. ಬಳ್ಳಾರಿ ಸೀಮೆಯ ಎರೆನೆಲದಲ್ಲಿ ಹತ್ತಿ ಬೆಳೆದು, ಬಂಡಿ ಕಟ್ಟಿಕೊಂಡು ಮಾರುಕಟ್ಟೆಯಲ್ಲಿ ಸರದಿಗಾಗಿ ರಾತ್ರಿ ಕಳೆದ ಹಿರಿಯರ ಮಾತು ಕೇಳಿ ಬಲ್ಲವರಿಗೆ ಅದು ಒಮ್ಮೆಲೆ ಹಿಡಿಸುತ್ತದೆ. ಆದರೆ ಮೆಕ್ಲೀನ್ ಇದನ್ನು ಹೇಳಿಕೊಂಡದ್ದು ಇಳಿವಯಸ್ಸಿನಲ್ಲಿ. ಕಂಟೇನರ್‌ನ ಇತಿಹಾಸವನ್ನು ಆಳವಾಗಿ ಅಭ್ಯಸಿಸಿದ ಮಾರ್ಕ್ ಲೆವಿನ್‌ಸನ್ ಇದನ್ನು ಪೂರ್ತಿಯಾಗಿ ನಂಬುವುದಿಲ್ಲ. 1937ರಲ್ಲಿ ಹೊಳೆದ ವಿಚಾರ 1953ರವರೆಗೆ ಸುಮ್ಮನಿದ್ದದ್ದೇಕೆ ಎಂಬ ಶಂಕೆ ಸಹಜವೇ. ಈ ಬರಹಗಾರನಿಗೂ ಅದು ಬಳಿಕ ಜೋಡಿಸಿದ ಕಥೆಯೆಂದೇ ತೋರುತ್ತದೆ.

ಕಥೆಯ ಹಿಂದಿನ ವಸ್ತುಸ್ಥಿತಿ ಮಾತ್ರ ಸುಳ್ಳಲ್ಲ. 1954ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೋದ ವಾರಿಯರ್ ಎಂಬ ಹಡಗಿನ ಸರಕನ್ನು ತಜ್ಞರು ಎಣಿಸಿದ್ದರು. ಚೀಲ, ಪೀಪಾಯಿ, ಪೆಟ್ಟಿಗೆ, ಕಟ್ಟು ಎಂದು ಒಟ್ಟು 1,94,582 ಬಿಡಿ ವಸ್ತುಗಳಿದ್ದವು. ಒಂದೊಂದನ್ನೂ ಮನುಷ್ಯರ ಕೈ ಹಲವು ಬಾರಿ ಮುಟ್ಟಿತ್ತು. ಆ ಪಯಣದ ಒಟ್ಟು ವೆಚ್ಚದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಎರಡೂ ದಡಗಳ ಬಂದರುಗಳಲ್ಲಿ ಸರಕನ್ನು ಏರಿಸಿ ಇಳಿಸುವುದಕ್ಕೇ ಸಂದಿತ್ತು.

1953ರ ವೇಳೆಗೆ ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಗಳಲ್ಲಿ ವಾಹನ ದಟ್ಟಣೆ ವಿಪರೀತವಾಗಿತ್ತು. ಲಾರಿಗಳು ದಾರಿಯಲ್ಲಿ ಸಿಲುಕುವ ಬದಲು, ಟ್ರೇಲರ್‌ಗಳನ್ನು ಹಡಗಿನಲ್ಲಿರಿಸಿ ಕರಾವಳಿಗುಂಟ ಸಾಗಿಸಿದರೆ ಅಗ್ಗವಾದೀತೆಂದು ಮೆಕ್ಲೀನ್ ಲೆಕ್ಕಹಾಕಿದರು. ಲಾರಿ ಸಂಸ್ಥೆ ಮತ್ತು ಹಡಗು ಸಂಸ್ಥೆ ಎರಡನ್ನೂ ಒಬ್ಬರೇ ನಡೆಸಲು ಅಂದಿನ ಅಮೆರಿಕದ ಕಾನೂನು ಅಡ್ಡಿಯಾಗಿತ್ತು. 1955ರಲ್ಲಿ ಅವರು ತಾವು ಕಟ್ಟಿ ಬೆಳೆಸಿದ ಲಾರಿ ಸಂಸ್ಥೆಯಿಂದ ಹೊರಬಂದು, ಸಾಲ ಮಾಡಿ ಪ್ಯಾನ್-ಅಟ್ಲಾಂಟಿಕ್ ಎಂಬ ಸಣ್ಣ ಹಡಗು ಸಂಸ್ಥೆಯನ್ನೂ ಅದರ ಮಾತೃಸಂಸ್ಥೆಯಾದ ವಾಟರ್‌ಮನ್ ಅನ್ನೂ ಕೊಂಡರು. ನಲವತ್ತೆರಡರ ಹರೆಯಕ್ಕೆ ಕಾಲಿಡುತ್ತಿದ್ದ ವ್ಯಕ್ತಿ ಇಪ್ಪತ್ತು ವರ್ಷಗಳ ಗಳಿಕೆಯನ್ನು ತಾನೆಂದೂ ಮಾಡಿರದ ಉದ್ಯೋಗಕ್ಕೆ ಒಡ್ಡಿದ್ದು ಸಣ್ಣ ಎದೆಗಾರಿಕೆಯಲ್ಲ.

ಆಮೇಲೆ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಟ್ರೇಲರ್‌ನ ಚಕ್ರಗಳು ಹಡಗಿನಲ್ಲಿ ವೃಥಾ ಜಾಗ ತಿನ್ನುತ್ತವೆ, ಒಂದರ ಮೇಲೊಂದು ಪೇರಿಸಲೂ ಬಿಡುವುದಿಲ್ಲ. ಚಕ್ರಗಳನ್ನು ದಡದಲ್ಲೇ ಬಿಟ್ಟು ಮೇಲಿನ ಪೆಟ್ಟಿಗೆಯನ್ನಷ್ಟೇ ಎತ್ತಿಕೊಂಡರೆ? ಲೆಕ್ಕ ಸರಿಹೊಂದಿತು. ಎತ್ತುವುದು ಹೇಗೆಂಬುದು ಉಳಿಯಿತು.

ಟ್ಯಾಂಟ್ಲಿಂಗರ್ ಬಂದರು

ಈ ಹಂತದಲ್ಲಿ ಕಥೆಗೆ ಎರಡನೆಯ ವ್ಯಕ್ತಿಯ ಪ್ರವೇಶವಾಗುತ್ತದೆ. ಕೀತ್ ಟ್ಯಾಂಟ್ಲಿಂಗರ್ 1919ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ಮೆಕ್ಯಾನಿಕಲ್ ಎಂಜಿನಿಯರ್. ಸ್ಪೋಕೇನ್ ನಗರದ ಬ್ರೌನ್ ಎಂಬ ಟ್ರೇಲರ್ ತಯಾರಿಕಾ ಸಂಸ್ಥೆಯಲ್ಲಿದ್ದ ಅವರು 1949ರಲ್ಲಿಯೇ ಅಲಾಸ್ಕ ಸಾಗಣೆಗಾಗಿ ಮೂವತ್ತು ಅಡಿ ಉದ್ದದ ಅಲ್ಯುಮಿನಿಯಂ ಪೆಟ್ಟಿಗೆಗಳನ್ನು ವಿನ್ಯಾಸ ಮಾಡಿದ್ದರು. ಮೆಕ್ಲೀನ್ ಅವರನ್ನು ಕರೆಸಿಕೊಂಡು, 33 ಅಡಿ ಉದ್ದದ ಎರಡು ಪೆಟ್ಟಿಗೆಗಳನ್ನು ಮಾಡಿಸಿದರು. ಬಾಲ್ಟಿಮೋರ್‌ನ ಹಡಗುಕಟ್ಟೆಗೆ ಪೆಟ್ಟಿಗೆ ಬಂದಾಗ ಮೆಕ್ಲೀನ್ ಮತ್ತು ಅವರ ಅಧಿಕಾರಿಗಳು ಅದರ ಚಾವಣಿಯ ಮೇಲೆ ಹತ್ತಿ ಕುಣಿದು ಗಟ್ಟಿತನವನ್ನು ಪರೀಕ್ಷಿಸಿದ್ದರಂತೆ. ಚಾವಣಿ ಬಗ್ಗಲಿಲ್ಲ. ಇನ್ನೂರು ಪೆಟ್ಟಿಗೆಗಳಿಗೆ ಬೇಡಿಕೆ ಹೋಯಿತು. ಟ್ಯಾಂಟ್ಲಿಂಗರ್ ಮೆಕ್ಲೀನ್ ಬಳಿಯೇ ಕೆಲಸಕ್ಕೆ ಸೇರಿದರು.

ಅಂದಿನವರೆಗೆ ಭಾರವಾದ ಪೆಟ್ಟಿಗೆಯನ್ನು ಎತ್ತುವ ವಿಧಾನ ಹೀಗಿತ್ತು: ಕ್ರೇನಿನಿಂದ ಸರಪಳಿ ಇಳಿಯುತ್ತದೆ, ಕೂಲಿಕಾರರು ಏಣಿಯಿಟ್ಟು ಪೆಟ್ಟಿಗೆಯ ಮೇಲೆ ಹತ್ತುತ್ತಾರೆ, ಮೂಲೆಗಳಲ್ಲಿರುವ ಬಳೆಗಳಿಗೆ ಕೊಕ್ಕೆಗಳನ್ನು ಸಿಕ್ಕಿಸಿ ಕೆಳಗಿಳಿಯುತ್ತಾರೆ, ಪೆಟ್ಟಿಗೆ ಹಡಗಿಗೆ ಹೋದ ಮೇಲೆ ಅಲ್ಲಿನವರು ಮತ್ತೆ ಹತ್ತಿ ಬಿಡಿಸುತ್ತಾರೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಬಿಟ್ಟು ತಡಕಾಡಿ ಎತ್ತುವವರ ತಾಳ್ಮೆ ಇದಕ್ಕೆ ಬೇಕು. ಅಲ್ಲದೆ ಮೇಲಿನ ಒಂದೇ ಬಿಂದುವಿನಲ್ಲಿ ಕೂಡುವ ಸರಪಳಿಗಳು ಪೆಟ್ಟಿಗೆಯ ಮೂಲೆಗಳನ್ನು ಒಳಕ್ಕೆ ಜಗ್ಗುತ್ತವೆ. ಹಗುರವಾದ ಅಲ್ಯುಮಿನಿಯಂ ಪೆಟ್ಟಿಗೆಗೆ ಆ ಜಗ್ಗಾಟ ಹಿತವಲ್ಲ.

ಟ್ಯಾಂಟ್ಲಿಂಗರ್ ಇದಕ್ಕೆ ಕಂಡುಕೊಂಡ ಪರಿಹಾರವೇ ಸ್ಪ್ರೆಡರ್. ಪೆಟ್ಟಿಗೆಯಷ್ಟೇ ಉದ್ದ, ಅಷ್ಟೇ ಅಗಲವಿರುವ ಒಂದು ಉಕ್ಕಿನ ಚೌಕಟ್ಟು; ಅದು ಕ್ರೇನಿನ ಹಗ್ಗಗಳಿಗೆ ತೂಗುಬಿದ್ದಿರುತ್ತದೆ. ಚಾಲಕ ಅದನ್ನು ಪೆಟ್ಟಿಗೆಯ ಮೇಲೆ ಸರಿಯಾಗಿ ಇಳಿಸಿ, ತನ್ನ ಕೋಣೆಯಲ್ಲಿ ಒಂದು ಸ್ವಿಚ್ ಒತ್ತಿದರೆ ಮೂಲೆಗಳ ಕೊಕ್ಕೆಗಳು ಕಚ್ಚಿಕೊಳ್ಳುತ್ತವೆ. ಮತ್ತೊಮ್ಮೆ ಒತ್ತಿದರೆ ಬಿಡುತ್ತವೆ. ಎಳೆತ ನೇರವಾಗಿ ಮೇಲಕ್ಕೇ ಇರುವುದರಿಂದ ಪೆಟ್ಟಿಗೆ ನಲುಗುವುದಿಲ್ಲ. ಏಣಿ ಬೇಡ, ಮೇಲೆ ಹತ್ತುವವರೂ ಬೇಡ.

1956ರ ಏಪ್ರಿಲ್ 26ರಂದು ನ್ಯೂವಾರ್ಕ್ ಬಂದರಿನಲ್ಲಿ ಐಡಿಯಲ್-ಎಕ್ಸ್ ಎಂಬ ಹಳೆಯ ತೈಲ ಹಡಗಿನ ಅಟ್ಟದ ಮೇಲೆ 58 ಪೆಟ್ಟಿಗೆಗಳನ್ನು ಏರಿಸಲಾಯಿತು. ಏಳು ನಿಮಿಷಕ್ಕೊಂದರಂತೆ ಏರಿಸಿ, ಎಂಟು ಗಂಟೆಯೊಳಗೆ ಕೆಲಸ ಮುಗಿದು, ಹಡಗು ಅಂದೇ ಟೆಕ್ಸಾಸಿನ ಹ್ಯೂಸ್ಟನ್ ಕಡೆಗೆ ಹೊರಟಿತು. ಮೆಕ್ಲೀನ್ ವಿಮಾನದಲ್ಲಿ ಹ್ಯೂಸ್ಟನ್‌ಗೆ ಹೋಗಿ ಹಡಗಿನ ಆಗಮನವನ್ನು ಎದುರುಗೊಂಡರು. ಬಿಡಿ ಸರಕನ್ನು ಹಡಗಿಗೇರಿಸಲು ಆ ವರ್ಷ ಟನ್ನಿಗೆ 5.83 ಡಾಲರ್ ತಗಲುತ್ತಿತ್ತು. ಐಡಿಯಲ್-ಎಕ್ಸ್‌ಗೆ ತಗಲಿದ್ದು ಟನ್ನಿಗೆ ಹದಿನಾರು ಸೆಂಟಿಗೂ ತುಸು ಕಡಿಮೆ. ನ್ಯೂವಾರ್ಕಿನಲ್ಲಿ ಈ ದೃಶ್ಯವನ್ನು ನೋಡುತ್ತಿದ್ದ ಬಂದರು ಕಾರ್ಮಿಕ ಸಂಘದ ಮುಖಂಡರೊಬ್ಬರು ಆ ಹಡಗನ್ನು ಮುಳುಗಿಸಿಬಿಡಬೇಕೆಂಬ ಅರ್ಥದ ಕಟುವಾದ ಮಾತಾಡಿದ್ದು ದಾಖಲಾಗಿದೆ. ಅಲ್ಲಿದ್ದವರೆಲ್ಲರಿಗಿಂತ ಭವಿಷ್ಯ ಸ್ಪಷ್ಟವಾಗಿ ಕಂಡದ್ದು ಅವರಿಗೇ ಇರಬಹುದು.

ತೂರಿಸು, ತಿರುಗಿಸು

ಮುಂದಿನ ವರ್ಷದ ಹಡಗು ಗೇಟ್‌ವೇ ಸಿಟಿ. ಅದರ ಒಡಲಿನಲ್ಲೇ ಕೋಣೆಗಳಂತೆ ಉಕ್ಕಿನ ಚೌಕಟ್ಟುಗಳನ್ನು ಕಟ್ಟಿ, 35 ಅಡಿಯ 226 ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಬೇಕಿತ್ತು. ಐಡಿಯಲ್-ಎಕ್ಸ್‌ನ ಕೊಕ್ಕೆಗಳು ಇದಕ್ಕೆ ಸಾಲವು. ಒಂದೇ ಮೂಲೆ ಕ್ರೇನಿಗೂ ಸಿಗಬೇಕು, ಲಾರಿಯ ಚಾಸಿಗೂ ಬಿಗಿಯಬೇಕು, ಮೇಲಿನ ಪೆಟ್ಟಿಗೆಯ ಭಾರವನ್ನೂ ಹೊರಬೇಕು.

ಟ್ಯಾಂಟ್ಲಿಂಗರ್ ಪೆಟ್ಟಿಗೆಯ ಎಂಟೂ ಮೂಲೆಗಳಿಗೆ ಎರಕದ ಉಕ್ಕಿನ ಟೊಳ್ಳು ಗಟ್ಟಿಗಳನ್ನು ಬೆಸೆದರು. ಪ್ರತಿಯೊಂದರಲ್ಲಿಯೂ ಉದ್ದುದ್ದನೆಯ ಒಂದು ರಂಧ್ರ. ಸ್ಪ್ರೆಡರ್‌ನ ನಾಲ್ಕು ಮೂಲೆಗಳಲ್ಲಿ, ತುದಿ ಚೂಪಾಗಿಯೂ ತಲೆ ಉದ್ದುದ್ದವಾಗಿಯೂ ಇರುವ ನಾಲ್ಕು ಗೂಟಗಳು. ಗೂಟದ ತಲೆ ರಂಧ್ರದ ಉದ್ದಕ್ಕೆ ಸರಿಯಾಗಿ ಒಳಕ್ಕಿಳಿಯುತ್ತದೆ. ಕಾಲುಸುತ್ತು ತಿರುಗಿಸಿದೊಡನೆ ಅಡ್ಡವಾಗಿ ನಿಂತು ಹೊರಬಾರದಂತಾಗುತ್ತದೆ. ಮನೆಯ ಹಳೆಯ ಬಗೆಯ ಬಲ್ಬನ್ನು ಹೋಲ್ಡರಿಗೆ ತೂರಿಸಿ ತಿರುಗಿಸಿ ಕೂರಿಸುವವರಿಗೆ ಈ ತಂತ್ರ ಹೊಸದೇನಲ್ಲ. ಇದೇ ಟ್ವಿಸ್ಟ್‌ಲಾಕ್.

ಇದರ ಜಾಣತನ ಎಲ್ಲಿದೆಯೆಂದರೆ, ಇದು ಅದುಮಿ ಹಿಡಿಯುವ ಹಿಡಿತವಲ್ಲ. ಇಕ್ಕಳ ವಸ್ತುವನ್ನು ಒತ್ತಿ ಹಿಡಿಯುತ್ತದೆ. ಒತ್ತಡ ಸಡಿಲಿದರೆ ಅಥವಾ ಮೇಲ್ಮೈಗೆ ಎಣ್ಣೆ ತಗಲಿದರೆ ವಸ್ತು ಜಾರುತ್ತದೆ. ಟ್ವಿಸ್ಟ್‌ಲಾಕಿನಲ್ಲಿ ಭಾರ ನಿಲ್ಲುವುದು ಲೋಹದ ಭುಜದ ಮೇಲೆ ಲೋಹದ ಅಂಚು ಕುಳಿತುಕೊಳ್ಳುವುದರಿಂದ. ವಿದ್ಯುತ್ ಹೋದರೂ, ಹೈಡ್ರಾಲಿಕ್ ಒತ್ತಡ ಕುಸಿದರೂ ಪೆಟ್ಟಿಗೆ ಬೀಳುವುದಿಲ್ಲ. ಭಾರ ಹೆಚ್ಚಿದಷ್ಟೂ ಗೂಟ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಬಳಿಕ ಬಂದ ವಿನ್ಯಾಸಕಾರರು ಇದಕ್ಕೆ ಇನ್ನೂ ಕಾವಲುಗಳನ್ನು ಸೇರಿಸಿದರು. ಸ್ಪ್ರೆಡರ್ ನಾಲ್ಕೂ ಮೂಲೆಗಳಲ್ಲಿ ಸಮನಾಗಿ ಕುಳಿತಿದೆಯೆಂದು ಸಣ್ಣ ಸೂಚಕ ಗೂಟಗಳು ತಿಳಿಸುವವರೆಗೆ ಟ್ವಿಸ್ಟ್‌ಲಾಕ್ ತಿರುಗುವುದಿಲ್ಲ. ಭಾರ ತೂಗುಬಿದ್ದಿರುವಾಗ ಚಾಲಕ ಅಪ್ಪಿತಪ್ಪಿ ಸ್ವಿಚ್ ಒತ್ತಿದರೂ ಅದು ಬಿಚ್ಚಿಕೊಳ್ಳುವುದಿಲ್ಲ. ಮೂಲೆಗಳಲ್ಲಿ ಬಾಗುವ ರೆಕ್ಕೆಗಳಂಥ ಭಾಗಗಳು ಚೌಕಟ್ಟನ್ನು ಪೆಟ್ಟಿಗೆಯ ಮೇಲೆ ಸರಿಯಾಗಿ ನಡೆಸುತ್ತವೆ. ಚೌಕಟ್ಟು ಸ್ವತಃ ಹಿಗ್ಗಿ ಕುಗ್ಗಿ ಇಪ್ಪತ್ತು ಅಡಿಗೂ ನಲವತ್ತು ಅಡಿಗೂ ಹೊಂದಿಕೊಳ್ಳುತ್ತದೆ.

ಇಷ್ಟಾದರೂ ಅಪಾಯ ಪೂರ್ತಿ ತೊಲಗಿಲ್ಲ. ಲಾರಿಯ ಚಾಸಿಗೆ ಬಿಗಿದ ಲಾಕನ್ನು ಬಿಚ್ಚಲು ಚಾಲಕ ಮರೆತರೆ ಕ್ರೇನ್ ಪೆಟ್ಟಿಗೆಯೊಂದಿಗೆ ಲಾರಿಯನ್ನೂ ಮೇಲಕ್ಕೆತ್ತುವ ಅವಘಡ ಬಂದರುಗಳಿಗೆ ಹೊಸತಲ್ಲ. ಸಾವಿರಾರು ಬಾರಿ ಎತ್ತಿಳಿಸಿದ ಗೂಟದಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುವುದೂ ಉಂಟು. ಆದ್ದರಿಂದ ಅವುಗಳನ್ನು ಆಗಾಗ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ.

ಗೇಟ್‌ವೇ ಸಿಟಿ 1957ರ ಅಕ್ಟೋಬರ್ 4ರಂದು ಮಯಾಮಿಯತ್ತ ಹೊರಟಿತು. ಅಲೆಗಳ ಹೊಯ್ದಾಟಕ್ಕೆ ಪೆಟ್ಟಿಗೆಗಳು ಕೋಣೆಯೊಳಗೆ ಅಲುಗಾಡಿ ಜಜ್ಜಿಹೋದಾವೆಂಬ ಭಯ ಹಲವರಿಗಿತ್ತು. ಟ್ಯಾಂಟ್ಲಿಂಗರ್ ಅಂಗಡಿಯಿಂದ ಮಕ್ಕಳು ಗೊಂಬೆ ಮಾಡಲು ಬಳಸುವ ಜೇಡಿಯನ್ನು ಕೊಂಡುತಂದು, ತುಂಡು ಮಾಡಿ, ಪೆಟ್ಟಿಗೆಗೂ ಚೌಕಟ್ಟಿಗೂ ನಡುವಣ ಸಂದುಗಳಲ್ಲಿ ತುರುಕಿದ್ದರು. ಹಡಗು ಮಯಾಮಿ ಸೇರಿದಾಗ ಜೇಡಿಯಲ್ಲಿ ಮೂಡಿದ ಒತ್ತುಗಳನ್ನು ಅಳೆದು ನೋಡಿದರೆ ಪೆಟ್ಟಿಗೆಗಳು ಅಲುಗಿದ್ದು ಇಂಚಿನ ಹದಿನಾರನೆಯ ಐದು ಭಾಗದಷ್ಟು, ಅಂದರೆ ಸುಮಾರು ಎಂಟು ಮಿಲಿಮೀಟರ್. ಕೋಟಿಗಟ್ಟಲೆ ಬಂಡವಾಳದ ಉದ್ಯಮಕ್ಕೆ ಧೈರ್ಯ ತಂದುಕೊಟ್ಟದ್ದು ಮಕ್ಕಳ ಆಟದ ಜೇಡಿ.

ಹಕ್ಕನ್ನು ಬಿಟ್ಟುಕೊಟ್ಟ ದಿನ

ಮೆಕ್ಲೀನ್ ಅವರ ಸಂಸ್ಥೆ ಮುಂದೆ ಸೀ-ಲ್ಯಾಂಡ್ ಎಂಬ ಹೆಸರು ಪಡೆಯಿತು. ಇತರ ಸಂಸ್ಥೆಗಳೂ ಕಂಟೇನರ್‌ನತ್ತ ಹೊರಳಿದವು. ಆದರೆ ಒಬ್ಬೊಬ್ಬರದು ಒಂದೊಂದು ಅಳತೆ, ಒಂದೊಂದು ಹಿಡಿತ. ಪೆಸಿಫಿಕ್ ಕಡೆಯ ಮ್ಯಾಟ್ಸನ್ ಸಂಸ್ಥೆಯ ಪೆಟ್ಟಿಗೆ 24 ಅಡಿ, ಸೀ-ಲ್ಯಾಂಡಿನದು 35 ಅಡಿ. ಒಬ್ಬರ ಕ್ರೇನ್ ಇನ್ನೊಬ್ಬರ ಪೆಟ್ಟಿಗೆಯನ್ನು ಎತ್ತಲಾರದು. ನಮ್ಮಲ್ಲಿ ಮೀಟರ್‌ಗೇಜ್ ಮತ್ತು ಬ್ರಾಡ್‌ಗೇಜ್ ಕೂಡುವ ನಿಲ್ದಾಣಗಳಲ್ಲಿ ಸರಕನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಸುರಿಯುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಈ ಸಂಕಟ ಅರ್ಥವಾದೀತು.

ಅಂತರರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆಯಾದ ಐಎಸ್ಒ 1961ರಿಂದ ಈ ಗೊಂದಲ ಬಗೆಹರಿಸಲು ಸಮಿತಿ ನಡೆಸುತ್ತಿತ್ತು. ಉದ್ದ, ಅಗಲಗಳ ಕುರಿತು ಹೇಗೋ ಒಮ್ಮತ ಮೂಡಿತು. ಮೂಲೆಯ ವಿನ್ಯಾಸದ ಬಗ್ಗೆ ಮೂಡಲಿಲ್ಲ. ಎಲ್ಲರಿಗಿಂತ ಉತ್ತಮವಾದದ್ದು ಸೀ-ಲ್ಯಾಂಡಿನದೆಂದು ಹಲವರು ಒಪ್ಪುತ್ತಿದ್ದರಾದರೂ ಅದರ ಪೇಟೆಂಟ್ ಆ ಸಂಸ್ಥೆಯ ಕೈಯಲ್ಲಿತ್ತು. ಪ್ರತಿಸ್ಪರ್ಧಿಗೆ ಗೌರವಧನ ಕಟ್ಟಿ ಅದನ್ನು ಬಳಸಲು ಯಾರು ಒಪ್ಪುತ್ತಾರೆ? ಅಷ್ಟರಲ್ಲಿ ಟ್ಯಾಂಟ್ಲಿಂಗರ್ ಬೇರೆ ಸಂಸ್ಥೆಗೆ ಹೋಗಿದ್ದರು. ಅವರೇ ಹಳೆಯ ಧಣಿಯ ಬಳಿ ಹೋಗಿ ಹಕ್ಕನ್ನು ಬಿಟ್ಟುಕೊಡುವಂತೆ ಕೇಳಿದರು. 1963ರ ಜನವರಿಯಲ್ಲಿ ಮೆಕ್ಲೀನ್ ಮೂಲೆಯ ಎರಕ ಮತ್ತು ಟ್ವಿಸ್ಟ್‌ಲಾಕ್‌ನ ಪೇಟೆಂಟನ್ನು ಯಾವುದೇ ಗೌರವಧನವಿಲ್ಲದೆ ಉದ್ಯಮದ ಬಳಕೆಗೆ ಬಿಟ್ಟುಕೊಟ್ಟರು.

ಇದನ್ನು ದಾನವೆಂದು ಹೊಗಳಬೇಕಾಗಿಲ್ಲ. ಮೆಕ್ಲೀನ್ ವ್ಯಾಪಾರಿ, ತಮ್ಮೊಬ್ಬರ ಬಳಿಯೇ ಉಳಿದ ಹಿಡಿತದಿಂದ ಜಗತ್ತಿನ ಬಂದರುಗಳ ಬಾಗಿಲು ತೆರೆಯದೆಂಬುದು ಅವರಿಗೆ ಗೊತ್ತಿತ್ತು. ಆದರೂ ಪೇಟೆಂಟನ್ನು ಕೊನೆಯ ಕಾಸಿನವರೆಗೆ ಹಿಂಡಿಕೊಳ್ಳುವ ಉದ್ಯಮಿಗಳ ನಡುವೆ ಅವರ ನಿರ್ಧಾರ ಎದ್ದು ಕಾಣುತ್ತದೆ.

1965ರಲ್ಲಿ ಐಎಸ್ಒ ಸಮಿತಿ ಈ ವಿನ್ಯಾಸದ ಆಧಾರದ ಮೇಲೆ ಮೂಲೆಯನ್ನು ಒಪ್ಪಿತು. ಪರೀಕ್ಷೆಗಳಲ್ಲಿ ಅದರ ಬಲ ಸಾಲದೆಂದು ತೋರಿದಾಗ 1967ರಲ್ಲಿ ಎಂಜಿನಿಯರರು ಮತ್ತೆ ಕುಳಿತು ಅದನ್ನು ದಪ್ಪಗೊಳಿಸಿದರು. ಇಂದು ಐಎಸ್ಒ 1161 ಎಂಬ ಸಂಖ್ಯೆಯಡಿ ಬರುವ ಆ ಎರಕದ ಅಳತೆ 178 ಮಿಲಿಮೀಟರ್ ಉದ್ದ, 162 ಅಗಲ, 118 ಎತ್ತರ. ಇಪ್ಪತ್ತು ಅಡಿಯ ಪೆಟ್ಟಿಗೆಯಾದರೆ ಒಂದು ರಂಧ್ರದ ನಡುವಿನಿಂದ ಇನ್ನೊಂದರ ನಡುವಿಗೆ ಉದ್ದಕ್ಕೆ 5,853 ಮಿಲಿಮೀಟರ್, ಅಡ್ಡಕ್ಕೆ 2,259. ಶಾಂಘೈ ಇರಲಿ, ರಾಟರ್‌ಡ್ಯಾಮ್ ಇರಲಿ, ನವ ಮಂಗಳೂರು ಇರಲಿ, ಈ ಅಂಕಿಗಳು ಬದಲಾಗುವುದಿಲ್ಲ.

ವಿಚಿತ್ರವೆಂದರೆ, ಮೆಕ್ಲೀನ್ ಅವರ 35 ಅಡಿಯ ಉದ್ದವನ್ನು ಐಎಸ್ಒ ಒಪ್ಪಲಿಲ್ಲ. 10, 20, 30, 40 ಅಡಿಗಳನ್ನು ಗೊತ್ತುಮಾಡಿತು. ಅವರ ಪೆಟ್ಟಿಗೆ ಕಾಲಾನುಕ್ರಮದಲ್ಲಿ ಕಣ್ಮರೆಯಾಯಿತು. ಅದರ ಮೂಲೆಗಳು ಮಾತ್ರ ಉಳಿದವು.

ಕೊಚ್ಚಿಯಿಂದ ಬೆಂಗಳೂರಿಗೆ

ಈ ಒಂದೇ ಅಳತೆಯ ಮೂಲೆ ಭಾರತವನ್ನು ತಲುಪಿದ್ದು 1973ರ ನವೆಂಬರಿನಲ್ಲಿ, ಪ್ರೆಸಿಡೆಂಟ್ ಟೈಲರ್ ಎಂಬ ಅಮೆರಿಕದ ಹಡಗು ಕೊಚ್ಚಿ ಬಂದರಿಗೆ ಬಂದಾಗ. ಬಂದರಿಗೆ ಬಂದ ಪೆಟ್ಟಿಗೆ ಅಲ್ಲಿಯೇ ತೆರೆದುಕೊಂಡರೆ ಅದರ ಅರ್ಧ ಪ್ರಯೋಜನ ನಷ್ಟವಾದಂತೆ. ಅದು ಮುಚ್ಚಿದಂತೆಯೇ ಒಳನಾಡಿಗೆ ಬರಬೇಕು. ಅದಕ್ಕಾಗಿ ದೇಶದ ಮೊತ್ತಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಕಡಲಿಲ್ಲದ ಊರಿಗೆ ಬಂದರಿನ ಕೆಲಸ ಬಂದದ್ದು ಸಣ್ಣ ಸಂಗತಿಯಲ್ಲ. ಇಂದು ವೈಟ್‌ಫೀಲ್ಡ್‌ನ ಡಿಪೊದಲ್ಲಿ ಉದ್ದನೆಯ ಕೈ ಚಾಚುವ ಭಾರೀ ಯಂತ್ರಗಳು ರೈಲಿನಿಂದ ಪೆಟ್ಟಿಗೆಗಳನ್ನು ಎತ್ತಿ ಲಾರಿಗಿಡುವುದನ್ನು ನೋಡಿದವರು ಆ ಕೈಯ ತುದಿಯಲ್ಲಿರುವ ಚೌಕಟ್ಟನ್ನು ಗಮನಿಸಬೇಕು. ಟ್ಯಾಂಟ್ಲಿಂಗರ್ ಅವರ ನಾಲ್ಕು ಗೂಟಗಳು ಅಲ್ಲಿವೆ.

ಸಂಡೂರಿನ ಅದಿರಿಗೆ ಮಾತ್ರ ಈ ಪೆಟ್ಟಿಗೆಯ ಗೊಡವೆಯಿಲ್ಲ. ಅದು ಬಿಡಿಯಾಗಿ ವ್ಯಾಗನ್ನಿಗೆ ಸುರಿಯುವ ಸರಕು. ಬಂದರಿನಲ್ಲಿ ಅದನ್ನೆತ್ತುವ ಗ್ರ್ಯಾಬ್ ಎರಡು ದವಡೆಗಳಿಂದ ಬಾಚಿ ಹಿಡಿಯುವ ಬೇರೆಯೇ ಬಗೆಯ ಕೈ. ಆದರೆ ನಮ್ಮ ರಾಜ್ಯದ ಕಾಫಿ, ಸಿದ್ಧ ಉಡುಪು, ನುಣುಪುಗೊಳಿಸಿದ ಗ್ರಾನೈಟ್ ಹಲಗೆಗಳು ಪೆಟ್ಟಿಗೆ ಸೇರಿಯೇ ಕಡಲು ದಾಟುತ್ತವೆ.

ಕೊಕ್ಕೆ ಕಳೆದುಕೊಂಡವರು

ಇನ್ನು ಬೆಲೆ ತೆತ್ತವರ ಮಾತು. ನ್ಯೂಯಾರ್ಕಿನ ಬಂದರು ಕೂಲಿಕಾರರ ಕೈಯಲ್ಲಿಯೂ ನಮ್ಮ ಹಮಾಲರ ಕೈಯಲ್ಲಿರುವಂಥದೇ ಕೊಕ್ಕೆ ಇತ್ತು. ಅದು ಅವರ ವೃತ್ತಿಯ ಗುರುತೇ ಆಗಿತ್ತು. ಸ್ಪ್ರೆಡರ್ ಬಂದ ಮೇಲೆ ಆ ಕೊಕ್ಕೆಗೆ ಕೆಲಸವಿಲ್ಲದಾಯಿತು. ಮ್ಯಾನ್‌ಹಟನ್ನಿನ ಹಡಗುಕಟ್ಟೆಗಳು ಒಂದೊಂದಾಗಿ ಪಾಳುಬಿದ್ದವು. ಲಂಡನ್ನಿನಲ್ಲಿ 1967ರಲ್ಲಿ ಈಸ್ಟ್ ಇಂಡಿಯಾ ಡಾಕ್ ಮುಚ್ಚಿತು. 1981ರ ವೇಳೆಗೆ ಕೊನೆಯ ರಾಯಲ್ ಡಾಕ್‌ಗಳೂ ಬಾಗಿಲು ಹಾಕಿದವು. ಅಮೆರಿಕದ ಪಶ್ಚಿಮ ಕರಾವಳಿಯ ಕಾರ್ಮಿಕ ನಾಯಕ ಹ್ಯಾರಿ ಬ್ರಿಜಸ್ ಯಂತ್ರವನ್ನು ತಡೆಯಲಾಗದೆಂದು ಅರಿತು, 1960ರಲ್ಲಿ ಯಂತ್ರದಿಂದಾಗುವ ಉಳಿತಾಯದಲ್ಲಿ ಕಾರ್ಮಿಕರಿಗೂ ಪಾಲು ಸಲ್ಲುವಂತೆ ಒಪ್ಪಂದ ಮಾಡಿಕೊಂಡರು. ಪೂರ್ವ ಕರಾವಳಿಯ ಸಂಘವೂ ಹಲವು ಮುಷ್ಕರಗಳ ಬಳಿಕ ಖಾತರಿ ವೇತನ ಪಡೆಯಿತು.

ಮುಂಬಯಿ ಗೋದಿಗಳಲ್ಲಿ 1948ರ ಕಾಯಿದೆಯ ರಕ್ಷಣೆ ಕಾರ್ಮಿಕರಿಗಿತ್ತು. 1989ರಲ್ಲಿ ಎದುರು ದಡದ ನವಾಶೇವಾದಲ್ಲಿ ಕಂಟೇನರ್‌ಗಾಗಿಯೇ ಕಟ್ಟಿದ ಬಂದರು ತೆರೆದ ಮೇಲೆ ಕೆಲಸವೇ ಅತ್ತ ಸರಿಯಿತು. ಇರುವ ಕೆಲಸವನ್ನು ಕಾಯಿದೆ ಕಾಯಬಲ್ಲದು, ಬೇರೆಡೆಗೆ ಹೋದ ಕೆಲಸವನ್ನು ಹಿಂದಕ್ಕೆ ತರಲಾರದು. ಮೆಕ್ಲೀನ್ ಅವರನ್ನು ಕೊಂಡಾಡುವ ಬರಹಗಳು ಸಾಮಾನ್ಯವಾಗಿ ಈ ಪುಟವನ್ನು ಮಗುಚಿ ಮುಂದೆ ಹೋಗುತ್ತವೆ. ಟನ್ನಿಗೆ 5.83 ಡಾಲರಿನಿಂದ ಹದಿನಾರು ಸೆಂಟಿಗಿಳಿದ ಲೆಕ್ಕದಲ್ಲಿ ಉಳಿದದ್ದೆಲ್ಲ ಯಾರದೋ ಕೂಲಿಯೇ ಆಗಿತ್ತು. ಪೆಟ್ಟಿಗೆಯ ಒಳಗೆ ಸರಕು ತುಂಬುವ ಕೆಲಸ ನಮ್ಮಲ್ಲಿ ಇನ್ನೂ ಬಹುಮಟ್ಟಿಗೆ ಹಮಾಲರ ಬೆನ್ನಿನ ಮೇಲೆಯೇ ನಡೆಯುತ್ತಿದೆ ಎಂಬುದೂ ನಿಜ.

ಏಳು, ಬೀಳು

1966ರ ಏಪ್ರಿಲಿನಲ್ಲಿ ಸೀ-ಲ್ಯಾಂಡಿನ ಫೇರ್‌ಲ್ಯಾಂಡ್ ಹಡಗು 236 ಪೆಟ್ಟಿಗೆಗಳೊಡನೆ ಅಟ್ಲಾಂಟಿಕ್ ದಾಟಿ ರಾಟರ್‌ಡ್ಯಾಮ್ ಕಡೆಗೆ ಹೊರಟಿತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯ ಸರಕು ಬಂದರುಗಳಲ್ಲಿ ಕೊಳೆಯುತ್ತಿದ್ದಾಗ, ಕ್ಯಾಮ್ ರಾನ್ ಕೊಲ್ಲಿಯಲ್ಲಿ ಕಂಟೇನರ್ ಬಂದರು ನಡೆಸುವ ಗುತ್ತಿಗೆ 1967ರಲ್ಲಿ ಮೆಕ್ಲೀನ್‌ಗೆ ದೊರೆಯಿತು. ಮರಳುವ ಹಡಗುಗಳು ಬರಿದಾಗಿ ಬರುವ ಬದಲು ಜಪಾನಿನಲ್ಲಿ ನಿಂತು ಅಲ್ಲಿನ ಸರಕನ್ನು ತುಂಬಿಕೊಂಡು ಬರಲೆಂದು ಅವರು ಏರ್ಪಾಟು ಮಾಡಿದರು. ಜಪಾನಿನ ರೇಡಿಯೊ, ಟೀವಿಗಳು ಅಮೆರಿಕದ ಮನೆಗಳನ್ನು ತುಂಬಿದ್ದರ ಹಿಂದೆ ಈ ಲೆಕ್ಕವೂ ಇದೆ. ಯುದ್ಧದಿಂದ ಬಂದ ಲಾಭವೆಂಬುದನ್ನು ಮರೆಯುವಂತಿಲ್ಲ.

1969ರಲ್ಲಿ ಸೀ-ಲ್ಯಾಂಡನ್ನು ಆರ್. ಜೆ. ರೆನಾಲ್ಡ್ಸ್ ಎಂಬ ತಂಬಾಕು ಸಂಸ್ಥೆಗೆ ಮಾರಿದಾಗ ಮೆಕ್ಲೀನ್ ಅವರ ಪಾಲಿಗೆ ಬಂದದ್ದು ಸುಮಾರು 16 ಕೋಟಿ ಡಾಲರ್. ಅಲ್ಲಿಗೆ ವಿಶ್ರಾಂತಿ ಪಡೆಯಬಹುದಿತ್ತು. ಅವರು 1970ರ ದಶಕದ ಕೊನೆಗೆ ಯುನೈಟೆಡ್ ಸ್ಟೇಟ್ಸ್ ಲೈನ್ಸ್ ಎಂಬ ಹಡಗು ಸಂಸ್ಥೆಯನ್ನು ಕೊಂಡರು. ತೈಲದ ಬೆಲೆ ಏರುತ್ತಲೇ ಹೋಗುವುದೆಂದು ನಂಬಿ, ನಿಧಾನವಾಗಿ ಚಲಿಸುವ, ಇಂಧನ ಉಳಿಸುವ ಹನ್ನೆರಡು ಬೃಹತ್ ಹಡಗುಗಳನ್ನು ದಕ್ಷಿಣ ಕೊರಿಯಾದಲ್ಲಿ ಕಟ್ಟಿಸಿದರು. ಹಡಗುಗಳು ನೀರಿಗಿಳಿಯುವ ವೇಳೆಗೆ ತೈಲದ ಬೆಲೆ ಕುಸಿಯಿತು. ನಿಧಾನಗತಿಯ ಹಡಗುಗಳನ್ನು ಯಾರೂ ಬಯಸಲಿಲ್ಲ. 1986ರ ನವೆಂಬರಿನಲ್ಲಿ ಆ ಸಂಸ್ಥೆ ನೂರು ಕೋಟಿ ಡಾಲರಿಗೂ ಮೀರಿದ ಸಾಲದೊಂದಿಗೆ ದಿವಾಳಿಯೆದ್ದಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಮೆಕ್ಲೀನ್ ಆ ಬಳಿಕ ಹಲವು ವರ್ಷ ಜನರೆದುರು ಬರುವುದನ್ನು ತಪ್ಪಿಸಿಕೊಂಡರು. ಪೈಸೆಯ ಲೆಕ್ಕದಲ್ಲಿ ಸೋಲದವರು ಭವಿಷ್ಯದ ಲೆಕ್ಕದಲ್ಲಿ ಸೋತಿದ್ದರು. ಎಪ್ಪತ್ತು ದಾಟಿದ ಮೇಲೂ ಸುಮ್ಮನಿರಲಾರದೆ, 1990ರ ದಶಕದ ಆರಂಭದಲ್ಲಿ ಟ್ರೇಲರ್ ಬ್ರಿಜ್ ಎಂಬ ಇನ್ನೊಂದು ಸಣ್ಣ ಸಾಗಣೆ ಸಂಸ್ಥೆಯನ್ನು ಸ್ಥಾಪಿಸಿದರು.

2001ರ ಮೇ 25ರಂದು ನ್ಯೂಯಾರ್ಕಿನ ಮನೆಯಲ್ಲಿ, 87ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅಂತ್ಯಕ್ರಿಯೆಯ ಬೆಳಗ್ಗೆ ಜಗತ್ತಿನ ಹಲವೆಡೆ ಕಂಟೇನರ್ ಹಡಗುಗಳು ಸಿಳ್ಳು ಊದಿ ಗೌರವ ಸಲ್ಲಿಸಿದವು. ಟ್ಯಾಂಟ್ಲಿಂಗರ್ ಇನ್ನೂ ಹತ್ತು ವರ್ಷ ಬದುಕಿದ್ದು, 2011ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಅವರಿಗೆ 92 ವರ್ಷ. ಅವರ ಹೆಸರಿನಲ್ಲಿ 79 ಪೇಟೆಂಟುಗಳಿದ್ದವು.